ಕೊಕ್ಕೆ ಮುರಿದ ದಿನ ಸಿಕ್ಕ ಹೆಸರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸೊಲ್ಲಾಪುರದ ಹಳೆಯ ಮಗ್ಗದ ಓಣಿಯೊಂದರಲ್ಲಿ ನಳದ ಮುಂದೆ ಕೊಡಗಳು ಸಾಲುಗಟ್ಟಿವೆ, ಅವುಗಳ ಒಡತಿಯರು ಇನ್ನೂ ಹೊದಿಕೆಯೊಳಗಿದ್ದಾರೆ. ಓಣಿಯ ಕೊನೆಯ ಮನೆಯ ಹೊಸ್ತಿಲಲ್ಲಿ ಸುಗಲಾಬಾಯಿ ಕುಕ್ಕರಗಾಲಲ್ಲಿ ಕೂತು ಇದ್ದಿಲ ಶೇಗಡಿಗೆ ಗಾಳಿ ಹಾಕುತ್ತಿದ್ದಾರೆ. ಎಡಕ್ಕೆ ಶೇಂಗಾ ಎಣ್ಣೆಯ ಗಿಂಡಿ, ಬಲಕ್ಕೆ ಇಕ್ಕಳ. ಇಕ್ಕಳದ ಬಾಯಲ್ಲಿ ಗೇಣುದ್ದದ ಉಕ್ಕಿನ ತಂತಿ. ತಂತಿಯ ತುದಿ ಕೆಂಡದೊಳಗೆ ಕೆಂಪಗಾಗುವವರೆಗೆ ಅವರು ಯಾರೊಂದಿಗೂ ಮಾತಾಡುವುದಿಲ್ಲ. ಬೇಕಾದ ಕೆಂಪು ಬಂದ ತಕ್ಷಣ ಎತ್ತಿ ಎಣ್ಣೆಗೆ ಅದ್ದುತ್ತಾರೆ. ಚುಂಯ್ ಎಂದು ಹೊಗೆ ಏಳುತ್ತದೆ, ಪಕ್ಕದ ಮನೆಯ ಮಗು ಕೆಮ್ಮುತ್ತದೆ.

ಇಷ್ಟು ಬೇಗ ಏಕೆ ಎಂದರೆ ನಗುತ್ತಾರೆ. "ಬಿಸಲಾಗ ಕಬ್ಬಣದ ಬಣ್ಣ ಸುಳ್ಳ ಹೇಳತೈತ್ರಿ. ನಸಕಿನ್ಯಾಗ ಖರೇ ಹೇಳತೈತಿ."

ಎಣ್ಣೆಯಿಂದ ತೆಗೆದ ತಂತಿಯನ್ನು ಮರಳು ಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿ ಮತ್ತೊಮ್ಮೆ ಶಾಖಕ್ಕೆ ಹಿಡಿಯುತ್ತಾರೆ, ಈ ಸಲ ಕೆಂಡದಿಂದ ದೂರ, ಹದವಾಗಿ. ಬೆಳ್ಳನೆಯ ಉಕ್ಕಿನ ಮೇಲೆ ನಿಧಾನಕ್ಕೆ ಒಣಗಿದ ಜೋಳದ ದಂಟಿನ ಬಣ್ಣ ಹರಡುತ್ತದೆ. "ಕಣಿಕಿ ಬಣ್ಣಕ್ಕ ಬಂದ್ರ ತಗೀಬೇಕು. ನೀಲಿಗೆ ಹೋತಂದ್ರ ಬಾಗತೈತಿ. ಬೆಳ್ಳಗ ಉಳೀತಂದ್ರ ಮುರೀತೈತಿ." ಮುರಿಯುವ ಮಾತು ಬಂದಾಗ ಅವರ ನಗು ನಿಲ್ಲುತ್ತದೆ. ತಂತಿಯನ್ನು ಕಲ್ಲಿನ ಮೇಲಿಟ್ಟು ಸುಮ್ಮನೆ ಮುಂದಿನದಕ್ಕೆ ಕೈ ಹಾಕುತ್ತಾರೆ.

ಇದು ವಿಮಾನದ ಕೊಕ್ಕೆ. ನಾವು ನೀವು ಹತ್ತುವ ವಿಮಾನದ್ದಲ್ಲ. ನೆಲದ ಮೇಲೆ ನಿಂತವರು ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುತ್ತಾರಲ್ಲ, ಮಾರುದ್ದ ರೆಕ್ಕೆಯ ಮಾದರಿ ವಿಮಾನಗಳು, ಅವುಗಳದ್ದು. ಅವುಗಳ ಹೊಟ್ಟೆಯೊಳಗೆ ಪುಟ್ಟ ಮೋಟಾರೊಂದು ಕೂತಿರುತ್ತದೆ. ಅದರ ತೋಳಿನಿಂದ ಬಾಲದ ಪಟ್ಟಿಯವರೆಗೆ ಒಂದು ಸಪೂರ ಸರಳು ಹೋಗುತ್ತದೆ. ತೋಳು ಎಳೆದರೆ ಬಾಲದ ಪಟ್ಟಿ ಏಳುತ್ತದೆ, ವಿಮಾನ ಮೇಲೇರುತ್ತದೆ. ತೋಳಿಗೂ ಸರಳಿಗೂ ನಂಟು ಹಾಕುವುದು ಶೇಂಗಾ ಬೀಜದಷ್ಟು ದೊಡ್ಡ ಪ್ಲಾಸ್ಟಿಕ್ ಕ್ಲಿಪ್ಪು. ಆ ಕ್ಲಿಪ್ಪಿನ ಬಾಯಿ ತೆರೆದು, ಅದರ ಮೊಳೆಯನ್ನು ತೋಳಿನ ತೂತಿಗೆ ಕೂರಿಸಿ, ಮತ್ತೆ ಬಾಯಿ ಮುಚ್ಚಿಸಬೇಕು. ಬೆರಳು ಹೋಗದ, ಇಕ್ಕಳ ತಿರುಗದ, ಕಣ್ಣಿಗೂ ಅರ್ಧವಷ್ಟೇ ಕಾಣುವ ಜಾಗ ಅದು. ಸುಗಲಾಬಾಯಿಯ ಕೊಕ್ಕೆ ಅಲ್ಲಿಗೆ ಹೋಗುತ್ತದೆ. ಅದರ ಚಪ್ಪಟೆ ತುದಿಯನ್ನು ಕ್ಲಿಪ್ಪಿನ ಬಾಯಿಗೆ ತೂರಿಸಿ ಕೊಂಚ ತಿರುವಿದರೆ ಬಾಯಿ ತೆರೆಯುತ್ತದೆ. ತುದಿಯ ಪಕ್ಕದಲ್ಲಿರುವ ಸಣ್ಣ ಕೊಂಡಿ ಸರಳನ್ನು ಹತ್ತಿರಕ್ಕೆ ಎಳೆಯುತ್ತದೆ. ಕೊಕ್ಕೆ ಹೊರಗೆ ತೆಗೆದರೆ ಟಕ್ ಎಂದು ಕ್ಲಿಪ್ಪು ಮುಚ್ಚಿಕೊಳ್ಳುತ್ತದೆ.

ಈ ಕೊಕ್ಕೆ ನವಿ ಪೇಠದ ಒಂದು ಅಂಗಡಿಯಲ್ಲಿ ಸಿಗುತ್ತದೆ. ಪುಣೆಗೂ ಹೋಗುತ್ತದೆ, ಹೈದರಾಬಾದಿಗೂ ಹೋಗುತ್ತದೆ. ಅದರ ಹಿಡಿಕೆಯ ಮೇಲೊಂದು ಹೊಳೆಯುವ ಸ್ಟಿಕ್ಕರು ಇರುತ್ತದೆ. ಸ್ಟಿಕ್ಕರಿನಲ್ಲಿ ವಿಮಾನದ ಚಿತ್ರವಿದೆ, ಅಂಗಡಿಯ ಹೆಸರಿದೆ, ಕೆಳಗೆ ಸಣ್ಣಕ್ಷರದಲ್ಲಿ ಅಂಗಡಿ ಮಾಲೀಕ ಸ್ವಪ್ನಿಲನ ಹೆಸರಿದೆ. ಸುಗಲಾಬಾಯಿಯ ಹೆಸರು ಇಲ್ಲ. ಯಾವತ್ತೂ ಇರಲಿಲ್ಲ.

ಸುಗಲಾಬಾಯಿ ಅಕ್ಕಲಕೋಟ ಕಡೆಯ ಕುರಿ ಕಾಯುವ ಮನೆತನದವರು. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಾಗ ಗಂಡ ಹಣಮಂತಪ್ಪ, ಬಂಡೆಪ್ಪ ಎಂಬವರ ಟವೆಲ್ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಸುಗಲಾಬಾಯಿಯೂ ಅಲ್ಲೇ ಕೆಲಸಕ್ಕೆ ಸೇರಿದರು. ಅವರದು ನೂಲು ಪೋಣಿಸುವ ಕೆಲಸ. ಮಗ್ಗಕ್ಕೆ ಹೊಸ ಹಾಸು ಏರಿಸುವಾಗ ಒಂದೊಂದೇ ಎಳೆಯನ್ನು ಕೊಕ್ಕೆಯಿಂದ ಹಣಿಗೆಯ ಸಂದಿಯೊಳಗೆ ಎಳೆಯಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಟವೆಲ್ಲಿನ ಉದ್ದಕ್ಕೂ ಗೆರೆ ಬೀಳುತ್ತದೆ, ಬೈಗುಳವೂ ಬೀಳುತ್ತದೆ. ಪೇಟೆಯ ಕೊಕ್ಕೆ ಕೈಗೆ ಒಗ್ಗಲಿಲ್ಲವೆಂದು ಮಗ್ಗದ ಹಳೆಯ ಸ್ಪ್ರಿಂಗನ್ನು ನೆಟ್ಟಗೆ ಮಾಡಿ ತಮ್ಮ ಕೊಕ್ಕೆಯನ್ನು ತಾವೇ ತಟ್ಟಿಕೊಂಡರು. ಕೆಲಸವಿಲ್ಲದಾಗ ಅದು ಅವರ ತುರುಬಿನಲ್ಲಿ ಇರುತ್ತಿತ್ತು.

ಬಂಡೆಪ್ಪ ಮಾಲೀಕರ ಬಗ್ಗೆ ಸುಗಲಾಬಾಯಿಗೆ ಇಂದಿಗೂ ಗೌರವ. ದಿನಾ ಬೆಳಗ್ಗೆ ಕಾರ್ಖಾನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕನ್ನಡ ಪೇಪರು ಓದುವುದು ಅವರ ಪದ್ಧತಿ. ಸುಮ್ಮನೆ ಓದುತ್ತಿರಲಿಲ್ಲ, ಮಗ್ಗಗಳ ಸದ್ದನ್ನು ಮೀರಿಸಿ ಗಟ್ಟಿಯಾಗಿ ಓದುತ್ತಿದ್ದರು. "ಯಾರ ಸತ್ರು, ಎಲ್ಲಿ ಮಳಿ ಆತು, ಎಲ್ಲಾ ನಮಗ ಮಾಲಕರ ಬಾಯಿಂದನ ಗೊತ್ತಾಗೂದು," ಎನ್ನುತ್ತಾರೆ ಅವರು. ಮಾಲೀಕರಿಗೆ ಮೊಣಕಾಲು ಸೋತಿತು, ಟವೆಲ್ಲಿಗೆ ಗಿರಾಕಿ ಸೋತರು, ಮಗ್ಗಗಳು ತೂಕದ ಲೆಕ್ಕದಲ್ಲಿ ಭಂಗಾರಕ್ಕೆ, ಎಂದರೆ ಗುಜರಿಗೆ, ಹೋದವು. ಹಣಮಂತಪ್ಪ ಈಗ ಬಟ್ಟೆಯ ಗೋದಾಮೊಂದರ ಕಾವಲುಗಾರ. ತಾವೇ ಎಣ್ಣೆ ಬಿಟ್ಟು ಸಾಕಿದ ಮಗ್ಗಗಳ ಸ್ಪ್ರಿಂಗನ್ನು ಭಂಗಾರದವನಿಂದ ಕೇಳಿ ತಂದು ಹೆಂಡತಿಗೆ ಕೊಡುತ್ತಾರೆ. "ನಮ್ಮ ಮನ್ಯಾಗ ಶೇಗಡಿ ಮೊದಲ ಕಬ್ಬಣಕ್ಕ ಹತ್ತತೈತಿ, ಆಮ್ಯಾಲ ನನ್ನ ಚಾಕ," ಎಂದು ಹೊಸ್ತಿಲಾಚೆಯಿಂದ ಅವರ ದೂರು. ಹೆಂಡತಿ ಇನ್ನೊಂದು ತಂತಿಯನ್ನು ಕೆಂಡಕ್ಕೆ ಹಿಡಿಯುತ್ತಾರೆ.

ಮಗ್ಗ ಲಾರಿಗೆ ಏರಿದ ದಿನವೇ ಕೊಕ್ಕೆಯ ಕಥೆ ಶುರುವಾಗಿದ್ದು. ಬಂಡೆಪ್ಪನವರ ಮಗ ಸ್ವಪ್ನಿಲ ಖಾಲಿಯಾದ ಶೆಡ್ಡಿನಲ್ಲಿ ತನ್ನ ವಿಮಾನ ಹರವಿಕೊಂಡು ಕೂತಿದ್ದ. ಅಪ್ಪನ ಮಗ್ಗ ಹೋಗುತ್ತಿದೆಯೆಂಬ ಚಿಂತೆಗಿಂತ ವಿಮಾನದ ಹೊಟ್ಟೆಯೊಳಗೆ ಕಳಚಿಕೊಂಡ ಕ್ಲಿಪ್ಪಿನ ಚಿಂತೆ ಅವನಿಗೆ ದೊಡ್ಡದಾಗಿತ್ತು. "ಕೈ ಹೋಗವಲ್ದು, ಚಿಮಟಾ ಹೋಗವಲ್ದು, ಕಾಯ ಕರೂ ಮಾವಶಿ," ಏನು ಮಾಡಲಿ ಚಿಕ್ಕಮ್ಮಾ ಎಂದು ತಲೆ ಚಚ್ಚಿಕೊಂಡ. ಸುಗಲಾಬಾಯಿ ಬಗ್ಗಿ ನೋಡಿದರು. ಹಣಿಗೆಯ ಸಂದಿಗಿಂತ ಇದೇನು ಇಕ್ಕಟ್ಟಲ್ಲ ಅನ್ನಿಸಿತು. ತುರುಬಿನಿಂದ ಕೊಕ್ಕೆ ಎಳೆದು ಸರಳನ್ನು ಹಿಡಿದು ಮೇಲಕ್ಕೆ ತಂದುಕೊಟ್ಟರು. ಸ್ವಪ್ನಿಲ ಕುಣಿದಾಡಿಬಿಟ್ಟ. ಇಂಥದ್ದೇ ಒಂದು ನನಗೂ ಬೇಕು, ಆದರೆ ಬಾಯಿ ತೆರೆಯುವಂಥದ್ದು ಬೇಕು ಎಂದ.

ಅದು ಒಂದೇ ಏಟಿಗೆ ಆಗಲಿಲ್ಲ. ಮೊದಲು ಮಾಡಿದ ತುದಿ ದಪ್ಪವಾಯಿತು, ಆಮೇಲಿನದು ತಿರುವಿದರೆ ಸುರುಳಿ ಸುತ್ತಿಕೊಂಡಿತು. ಹಿಟ್ಟಿನ ಡಬ್ಬಿಯೊಳಗೆ ಕ್ಲಿಪ್ಪು ಕಟ್ಟಿ, ಮುಚ್ಚಳಕ್ಕೆ ತೂತು ಕೊರೆದು, ಆ ತೂತಿನಿಂದ ಕೊಕ್ಕೆ ಇಳಿಸಿ ಕಣ್ಣು ಮುಚ್ಚಿ ಕೂರಿಸುವುದನ್ನು ಅವರು ರೂಢಿ ಮಾಡಿಕೊಂಡರು. ಓಣಿಯ ಹೆಂಗಸರು ಈಕೆಗೇನು ತಲೆ ಕೆಟ್ಟಿತೋ ಎಂದು ಮಾತಾಡಿಕೊಂಡರು. ಹಿಡಿಕೆಗೆ ಲಾಳಿಯೊಳಗಿನ ಮರದ ಕಂಡಿಕೆಯೇ ಆಯಿತು. ನೂಲು ಸುತ್ತಿ ಸುತ್ತಿ ನುಣುಪಾದ ಕಟ್ಟಿಗೆ ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ. ಕಡೆಗೊಂದು ದಿನ ಡಬ್ಬಿಯೊಳಗೆ ಟಕ್ ಎಂದಿತು. ಆ ಸದ್ದು ಕೇಳಿ ತಮಗಾದ ಸಂತೋಷವನ್ನು ಹೇಳುವಾಗ ಸುಗಲಾಬಾಯಿಯ ಮುಖ ಹುಡುಗಿಯರ ಮುಖವಾಗುತ್ತದೆ.

ಸ್ವಪ್ನಿಲ ನವಿ ಪೇಠದಲ್ಲಿ ಆಟದ ವಿಮಾನಗಳ ಅಂಗಡಿ ತೆರೆದಾಗ ಕೊಕ್ಕೆಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟ. ಒಂದು ಮಧ್ಯಾಹ್ನ ಸುಗಲಾಬಾಯಿ ಹೊಸ ಕೊಕ್ಕೆಗಳ ಚೀಲ ಹಿಡಿದು ಅಂಗಡಿಗೆ ಹೋದರು. ಪುಣೆಯ ಗಿರಾಕಿಯೊಬ್ಬ ಕೊಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದ. "ಮೀಚ್," ಎಂದ ಸ್ವಪ್ನಿಲ. ನಾನೇ ಎಂದ. ಚೀಲ ಹಿಡಿದವರು ಬಾಗಿಲಲ್ಲೇ ನಿಂತಿದ್ದರು. ಅವನು ನೋಡಿದ, ಆದರೆ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗಿರಾಕಿ ಹೋದ ಮೇಲೆ ಚಹಾ ತರಿಸಿದ, ಮಾವಶಿ ಮಾವಶಿ ಎಂದು ಉಪಚಾರ ಮಾಡಿದ. ಆ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ ಎನ್ನುತ್ತಾರೆ ಸುಗಲಾಬಾಯಿ. "ಜಗಳಾ ಮಾಡಾಕ ನನಗ ಬರೂದಿಲ್ರಿ. ಆದ್ರ ಅವತ್ತು ಹಾದ್ಯಾಗ ಬರೂಮುಂದ ಮನಸಿನ್ಯಾಗ ನಕ್ಕೀ ಮಾಡೇ ಬಿಟ್ಟೆ. ಅವರ ಸ್ಟಿಕ್ಕರ ಅವರು ಹಚ್ಲಿ. ನನ್ನ ಗುರ್ತ ನಾ ಹಾಕತೀನಿ."

ಗುರುತು ಎಂದರೆ ಅಕ್ಷರವಲ್ಲ. ಕುರಿ ಸಾಕುವ ಮನೆತನಗಳಲ್ಲಿ ಒಂದೊಂದು ಮನೆಗೆ ಒಂದೊಂದು ಕಿವಿಗುರುತು ಇರುತ್ತದೆ. ಮರಿಯ ಕಿವಿಯನ್ನು ಒಬ್ಬರು ತುದಿಯಲ್ಲಿ ಕತ್ತರಿಸುತ್ತಾರೆ, ಇನ್ನೊಬ್ಬರು ಅಂಚಿನಲ್ಲಿ ಸೀಳುತ್ತಾರೆ. ಹತ್ತು ಹಿಂಡು ಒಂದೇ ಹಳ್ಳದಲ್ಲಿ ಕಲೆತರೂ ಸಂಜೆಗೆ ಅವರವರ ಕುರಿ ಅವರವರ ಹಟ್ಟಿಗೆ ಸೇರುವುದು ಹಾಗೆ. ಸುಗಲಾಬಾಯಿಯ ತವರಿನ ಗುರುತು ಅಂಚಿನಲ್ಲಿ ಜೋಡಿ ಗೀರು. ಮದುವೆಯಲ್ಲಿ ಅಪ್ಪ ಮಗಳಿಗೆ ಕೊಟ್ಟ ಕುರಿಗಳ ಕಿವಿಯಲ್ಲೂ ಅದೇ ಇತ್ತು. ಪಟ್ಟಣದಲ್ಲಿ ಆ ಕುರಿಗಳು ಎಷ್ಟು ದಿನ ಬಾಳಿಯಾವು? ಗುರುತೊಂದು ತಲೆಯಲ್ಲಿ ಉಳಿದಿತ್ತು. ಮುಮ್ಮೂಲೆ ಅರ ತೆಗೆದುಕೊಂಡು ಪ್ರತಿ ಕೊಕ್ಕೆಯ ಮೇಲೂ ಜೋಡಿ ಗೀರು ಕೊರೆದರು. ಎಲ್ಲಿ ಕೊರೆದರು ಎಂಬುದರಲ್ಲಿಯೇ ಎಲ್ಲ ಅನರ್ಥವಿದೆ. ತುದಿಯಿಂದ ಒಂದು ಬೆರಳು ಹಿಂದೆ, ಸಪೂರ ಉಕ್ಕಿನ ಮೇಲೆಯೇ ಕೊರೆದರು.

"ಕುರಿಗೆ ಗುರ್ತ ಕಿವಿಗಿ ಹಾಕತಾರ್ರಿ, ಬಾಲಕ್ಕ ಯಾರ ಹಾಕತಾರ? ಕೊಕ್ಕಿಗೂ ತುದಿನ ತಲಿ ಅಲ್ಲೇನು? ತಲಿ ಬಾಜೂಕ ಹಾಕಿದೆ," ಎನ್ನುತ್ತಾರೆ. ಬೇರೆ ಯಾವ ಕೆಲಸಗಾರನೂ ಮಾಡಲಾರದ ತಪ್ಪು ಇದು. ಅವರ ಅಪ್ಪ ಇದ್ದಿದ್ದರೆ ಸರಿಯಾಗಿದೆ ಎನ್ನುತ್ತಿದ್ದರೋ ಏನೋ. ಉಕ್ಕಿಗೆ ಮಾತ್ರ ಅದು ಸರಿಯಾಗಲಿಲ್ಲ. ತಿರುವುವಾಗ ಬೀಳುವ ಭಾರವೆಲ್ಲ ಆ ಗೀರಿನ ಮೇಲೆಯೇ ಬೀಳುತ್ತಿತ್ತು. ಹೊರಗೆ ಕಾಣದಂತೆ ಒಳಗೊಳಗೇ ಸೀಳು ಬಿಡುತ್ತಿತ್ತು.

ಜೋಳ ಎದೆಯೆತ್ತರ ನಿಂತಿದ್ದ ಒಂದು ಭಾನುವಾರ ಅಕ್ಕಲಕೋಟದ ಹೊರಗಿನ ಬಯಲಿನಲ್ಲಿ ಮಾದರಿ ವಿಮಾನಗಳ ಪ್ರದರ್ಶನ ಇಟ್ಟುಕೊಂಡರು. ತವರೂರು ಹತ್ತಿರವೇ. ಸುಗಲಾಬಾಯಿ ಎಂದೂ ಮಾಡದ ಕೆಲಸ ಮಾಡಿದರು, ಅಣ್ಣ ಗುರುಸಿದ್ಧನಿಗೆ ಹೇಳಿ ಕಳಿಸಿದರು. ಅಲ್ಲಿ ಹಾರುವ ವಿಮಾನದ ಹೊಟ್ಟೆಯಲ್ಲಿ ನಮ್ಮ ಮನೆಯ ಗುರುತು ಓಡಾಡುತ್ತದೆ, ಬಂದು ನೋಡು ಎಂದು. ಗುರುಸಿದ್ಧ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅರ್ಧ ಊರನ್ನೇ ಕರೆದುಕೊಂಡು ಬಂದ.

ಆ ದಿನದ ದೊಡ್ಡ ವಿಮಾನ ಯುವರಾಜ ಎಂಬವನದು. ಅಕ್ಕಲಕೋಟ ಕಡೆಯ ದೊಡ್ಡ ಹೊಲಮನೆಯ ಹುಡುಗ, ವರ್ಷವಿಡೀ ಕೂತು ಕಟ್ಟಿದ ವಿಮಾನ. ಹಾರಿಸುವ ಮುಂಚೆ ಬಾಲದ ಪಟ್ಟಿ ಏಳಲಿಲ್ಲ, ಒಳಗೆ ಕ್ಲಿಪ್ಪು ಕಳಚಿತ್ತು. ಯುವರಾಜ ಕೊಕ್ಕೆ ಇಳಿಸಿದ, ತಿರುವಿದ. ಮೈಕಿನಲ್ಲಿ ಅವನ ಹೆಸರು ಕೂಗುತ್ತಿದ್ದರು. ಒಳಗೆ ಟಕ್ ಎಂದಿತು. ಕ್ಲಿಪ್ಪು ಕೂತಿತೆಂದು ತಿಳಿದು, ಕೊಕ್ಕೆಯ ಕಡೆ ನೋಡದೆ ಜೇಬಿಗೆ ತುರುಕಿ ಎದ್ದ. ಆ ಟಕ್ ಕ್ಲಿಪ್ಪಿನದಾಗಿರಲಿಲ್ಲ. ಗೀರಿನ ಹತ್ತಿರ ಕೊಕ್ಕೆ ಮುರಿದಿತ್ತು. ಮುರಿದ ತುದಿ ಕ್ಲಿಪ್ಪಿನ ಬಾಯಲ್ಲೇ ಸಿಕ್ಕಿಬಿದ್ದು ಬಾಯಿ ಮುಚ್ಚಗೊಡದೆ ಹಿಡಿದಿತ್ತು.

ವಿಮಾನ ಚೆಂದಕ್ಕೆ ಏರಿತು. ಒಂದು ಸುತ್ತು ಬಂತು. ಗುರುಸಿದ್ಧನ ಊರಿನವರು ಸೀಟಿ ಹೊಡೆದರು. ಎರಡನೆಯ ಸುತ್ತಿನಲ್ಲಿ ಬಾಯಿ ಮುಚ್ಚದ ಕ್ಲಿಪ್ಪು ಕಳಚಿ ಮೂತಿ ಕೆಳಗೆ ಮಾಡಿತು, ಮತ್ತೆ ಎತ್ತಲಿಲ್ಲ. ಜೋಳದ ಹೊಲದೊಳಗೆ ಹೋಗಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಯುವರಾಜ ಮಾತ್ರ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ಹೊಲದಲ್ಲೇ ಕೂತುಬಿಟ್ಟ.

ಚೂರುಗಳನ್ನು ಕೆದಕಿದಾಗ ಕ್ಲಿಪ್ಪಿನ ಬಾಯಲ್ಲಿ ಉಕ್ಕಿನ ತುಣುಕು ಸಿಕ್ಕಿತು. ಜನರೆಲ್ಲ ಸ್ವಪ್ನಿಲನ ಕಡೆ ತಿರುಗಿದರು. ತಿರುಗದೆ ಏನು? ಕೊಕ್ಕೆ ಅವನದೇ ಎಂದು ಊರಿಗೆಲ್ಲ ಸಾರಿದವನು ಅವನೇ. ಸ್ವಪ್ನಿಲ ತುಣುಕನ್ನು ಬೆಳಕಿಗೆ ಹಿಡಿದ. ಮುರಿದ ಅಂಚಿನಲ್ಲಿ ಗೀರು ಕಂಡಿತು. ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು.

"ಇದು ನಂದಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ನಾ ಇಂಥಾ ಗೀರು ಹಾಕಂತ ಯಾರಿಗೂ ಹೇಳಿಲ್ಲ. ನಮ್ಮ ಕಾರಖಾನ್ಯಾಗ ಕೆಲಸಾ ಮಾಡತಿದ್ಳು, ಸುಗಲಾಬಾಯಿ ಅಂತ. ಅಕಿ ಮಾಡಿದ್ದು. ಅಗೋ, ಅಲ್ಲೇ ನಿಂತಾಳ ನೋಡ್ರಿ."

ಮುಖದ ಮುಂದೆ ಮಾವಶಿ, ಹತ್ತು ಜನರ ಮುಂದೆ ಅಕಿ. ಅಷ್ಟು ವರ್ಷ ನಾಲಿಗೆಯ ಮೇಲೆ ಬಾರದ ಹೆಸರು ಆ ಹೊತ್ತಿಗೆ ಎಷ್ಟು ಸಲೀಸಾಗಿ ಬಂತು! ಬೆರಳು ತೋರಿಸಿದ ಕಡೆಗೆ ಬಯಲಿಗೆ ಬಯಲೇ ತಿರುಗಿತು. ಸುಗಲಾಬಾಯಿ ತವರಿನವರ ನಡುವೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಿಂತಿದ್ದರು. ಅವರು ಮುಂದೆ ನಡೆದು ಹೋಗಿ ಕೈ ಚಾಚಿ, "ಆ ತುಣಕ ನನಗ ಕೊಡ್ರಿ," ಎಂದರಂತೆ.

ಮರಳುವ ದಾರಿಯಲ್ಲಿ ಊರು ಹತ್ತಿರ ಬಂದಾಗ ಗುರುಸಿದ್ಧ ಹೇಳಿದ: "ತಂಗೀ, ಕುರಿ ತಪ್ಪಿಸಿಕೊಂಡ್ರ ಸಿಗಲಿ ಅಂತ ನಾವ ಗುರ್ತ ಹಾಕತೀವಿ. ಅದ ಕುರಿ ಮಂದಿ ಹೊಲಾ ಮೇದ್ರ, ಅದ ಗುರ್ತ ನೋಡಿ ದಂಡಾ ಕೇಳಾಕ ಬರತಾರ. ನೀ ಎರಡನೇದ್ದು ಮರತಿದ್ದಿ." ಬೈಗುಳವಲ್ಲ ಅದು. ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ ತಂಗಿ.

ಆ ತುಣುಕು ಈಗ ಅವರ ಕುಂಕುಮದ ಬಟ್ಟಲಲ್ಲಿದೆ. ತೆಗೆದು ತೋರಿಸುತ್ತಾರೆ. ಮುರಿದ ಮುಖದ ಅರ್ಧ ಕಪ್ಪಗಿದೆ, ಅರ್ಧ ಹೊಳೆಯುತ್ತಿದೆ. ಕಪ್ಪು ಭಾಗ ಮೊದಲೇ ಸೀಳಿತ್ತು, ಹೊಳೆಯುವ ಭಾಗವಷ್ಟೇ ಆ ದಿನ ಮುರಿದದ್ದು ಎಂದು ಉಗುರಿನಿಂದ ತೋರಿಸುತ್ತಾರೆ. "ತಪ್ಪ ನಂದರಿ. ಯುವರಾಜ ಅವರ ವಿಮಾನ ನನ್ನ ಕೈಯಿಂದ ಹೋತು, ಸುಳ್ಳ ಯಾಕ ಹೇಳ್ಲಿ? ಅವರ ಮನಿಗಿ ಹೋಗಿ ಹೇಳಿ ಬಂದೀನಿ. ಅವರ ನೀರ ಕೊಟ್ರು, ಕುಂಡ್ರಿ ಅಂದ್ರು. ಸಣ್ಣ ಮಾಲಕರು ಇವತ್ತಿನ ತನಕಾ ತಪ್ಪಾತು ಅಂತ ಒಂದ ಮಾತ ಅಂದಿಲ್ಲ." ಸಣ್ಣ ಮಾಲೀಕರು ಎಂದರೆ ಸ್ವಪ್ನಿಲ. ಈಗಲೂ ಅವರು ಅವನನ್ನು ಏಕವಚನದಲ್ಲಿ ಕರೆಯುವುದಿಲ್ಲ.

ಒಂದು ಮಾತೂ ಅನ್ನದಿದ್ದರೂ ಸ್ವಪ್ನಿಲ ಬರುವುದನ್ನು ಬಿಡಲಿಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಲೇಥಿನವನ ಹತ್ತಿರ ಅಂಥದ್ದೇ ಕೊಕ್ಕೆ ಮಾಡಿಸಿ ನೋಡಿದನಂತೆ. ಒಂದು ರಾಶಿ ಬಾಗಿದವು, ಒಂದು ರಾಶಿ ಮುರಿದವು. ಹೋಳಿ ಹುಣ್ಣಿಮೆ ಕಳೆದ ಮೇಲೆ ಸ್ಕೂಟರು ಮತ್ತೆ ಓಣಿಯೊಳಗೆ ಬಂತು. ಗೀರಿಲ್ಲದೆ ಮಾಡಿಕೊಡಿ ಎಂದ. ಸುಗಲಾಬಾಯಿ ಒಪ್ಪಿಕೊಂಡರು. ಏಕೆ ಒಪ್ಪಿದಿರಿ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. "ಒಪ್ಪಲಾರದ ಏನ ಮಾಡ್ಲಿ? ನೂಲ ಪೋಣಿಸಾಕ ಮಗ್ಗ ಉಳದಾವೇನು? ಈ ಕೈಗೆ ಬ್ಯಾರೇ ಏನ ಬರತೈತಿ? ನಾ ಬಿಟ್ಟ್ರ, ಮುರಿಯೂ ಕೊಕ್ಕಿ ಮಾಡಾಕಿ ಅಂತನ ನನ್ನ ಹೆಸರ ಉಳೀತೈತಿ."

ಉಕ್ಕಿನ ಮೇಲೆ ಈಗ ಗೀರಿಲ್ಲ. ಅಂದಿನಿಂದ ಒಂದು ಕೊಕ್ಕೆಯೂ ಮುರಿದು ಬಂದಿಲ್ಲ. ಆದರೆ ಕಟ್ಟಿಗೆಯ ಹಿಡಿಕೆಯ ಹಿಂಬದಿಯಲ್ಲಿ, ಭಾರ ಬೀಳದ ಜಾಗದಲ್ಲಿ, ಜೋಡಿ ಗೀರು ಮತ್ತೆ ಬಂದಿದೆ. ಕಿವಿಯಲ್ಲಿದ್ದ ಗುರುತನ್ನು ಬಾಲಕ್ಕೆ ಹಾಕಲು ಮನಸ್ಸು ಒಪ್ಪುವುದಕ್ಕೆ ಬಹಳ ದಿನ ಹಿಡಿಯಿತು ಎನ್ನುತ್ತಾರೆ. ಅರದಿಂದ ಅದನ್ನು ಕೊರೆಯುವಾಗ ಮಾತ್ರ ಅವರ ಕೈ ನಿಧಾನವಾಗುತ್ತದೆ.

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಸ್ಕೂಟರಿನ ಸದ್ದಾಗುತ್ತದೆ. ಸ್ವಪ್ನಿಲ ಇಳಿಯುವುದಿಲ್ಲ, ಕೂತಲ್ಲಿಂದಲೇ ಕೊಕ್ಕೆಗಳನ್ನು ಇಸಿದುಕೊಳ್ಳುತ್ತಾನೆ. ಒಂದೊಂದರ ಉಕ್ಕಿನ ಮೇಲೆ ಉಗುರು ಎಳೆದು ನೋಡುತ್ತಾನೆ, ತೃಪ್ತಿಯಾಗುತ್ತದೆ. ಆಮೇಲೆ ಹೆಬ್ಬೆರಳು ಹಿಡಿಕೆಯ ಹಿಂದಕ್ಕೆ ಹೋಗಿ ನಿಲ್ಲುತ್ತದೆ.

"ಮಾವಶಿ, ಗೀರು ಮತ್ತ ಹಾಕೀರಲ್ಲ? ಗಿರಾಕಿ ಇದನ್ನ ಡ್ಯಾಮೇಜ್ ಅಂತಾರ."

"ಕಟಗಿ ಮ್ಯಾಲ ಹಾಕೀನ್ರಿ. ಮುರಿಯೂದಿಲ್ಲ."

"ಇರ್ಲಿ ಬಿಡ್ರಿ," ಎಂದು ಜೇಬಿನಿಂದ ಸ್ಟಿಕ್ಕರು ತೆಗೆದು, ಅವರ ಕಣ್ಣೆದುರಿಗೇ ಗೀರಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಚೆನ್ನಾಗಿ ಒತ್ತುತ್ತಾನೆ.

ಸುಗಲಾಬಾಯಿ ಎದ್ದು ಸ್ಕೂಟರಿನ ಹತ್ತಿರ ಹೋಗುತ್ತಾರೆ. ದನಿ ಎತ್ತರವಾಗುವುದಿಲ್ಲ. "ಸಣ್ಣ ಮಾಲಕರ, ಮುರದ ದಿನ ಅಷ್ಟ ಮಂದಿ ಮುಂದ ನನ್ನ ಹೆಸರ ಹೇಳಿದ್ರಿ. ಮುರೀಲಾರದಾಗೂ ಒಮ್ಮೆ ಹೇಳ್ರಿ. ಬ್ಯಾರೇ ಏನೂ ಬ್ಯಾಡ."

"ಬಘೂಯಾ, ಮಾವಶಿ," ನೋಡೋಣ ಎನ್ನುತ್ತಾನೆ ಅವನು. ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ.

ಇದನ್ನೆಲ್ಲ ಬರೆಯುತ್ತೇನೆ, ನಿಮ್ಮ ಹೆಸರು ಪೇಪರಿನಲ್ಲಿ ಬರುತ್ತದೆ ಎಂದರೆ ಸುಗಲಾಬಾಯಿ ಮೊದಲು ಕೇಳುವುದು ಯಾವ ಪೇಪರು ಎಂದು. ಕನ್ನಡದ್ದು ಎಂದಾಗ ಹಣಮಂತಪ್ಪ ಒಳಗಿನಿಂದ ಗೊಣಗುತ್ತಾರೆ. "ಸಣ್ಣ ಮಾಲಕರಿಗಿ ಕನ್ನಡಾ ಓದಾಕ ಬರೂದಿಲ್ಲ. ಏನ ಉಪಯೋಗ?"

ಸುಗಲಾಬಾಯಿ ತಣ್ಣಗಾದ ಕೊಕ್ಕೆಯೊಂದನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಸ್ಕೂಟರು ಹೋದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಏನೋ ಹೊಳೆದಂತಾಗುತ್ತದೆ.

"ನೀವ ಬರೀರಿ. ಗುರುಸಿದ್ಧನ ತಂಗಿ ಸುಗಲಾಬಾಯಿ ಅಂತ ಪೂರಾ ಬರೀರಿ. ಸಣ್ಣ ಮಾಲಕರ ಮನ್ಯಾಗ ಬಂಡೆಪ್ಪ ಮಾಲಕರು ಇನ್ನಾ ಅದಾರ. ಕನ್ನಡ ಪೇಪರ ಇನ್ನಾ ತರಸತಾರ. ಅವರು ಮನಸಿನ್ಯಾಗ ಓದೂ ಮಂದಿ ಅಲ್ರಿ. ಗಟ್ಟ್ಯಾಗಿ ಓದತಾರ, ಮನ್ಯಾಗಿದ್ದವರಿಗೆಲ್ಲಾ ಕೇಳಂಗ."